ವಂಶವೃಕ್ಷದಲ್ಲಿ ಬರೆಯದೆ ಬಿಟ್ಟದ್ದು: ಮನೆತನದಲ್ಲಿ ಹರಿದುಬರುವ ಕರುಳಿನ ಕ್ಯಾನ್ಸರ್ ಮತ್ತು ನಿಯತ ತಪಾಸಣೆ

ಪೌತಿ ಖಾತೆಗೆಂದು ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿದವರು ನಿಮ್ಮಲ್ಲಿ ಎಷ್ಟು ಜನ ಎಂದು ಕೇಳಿದೆ. ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. ಆ ಕಾಗದದಲ್ಲಿ ಮೃತರೆಂದು ಗುರುತಿಸಿರುವ ಪ್ರತಿಯೊಬ್ಬರ ಹೆಸರಿನ ಮುಂದೆ, ಅವರು ಎಷ್ಟನೆಯ ವಯಸ್ಸಿನಲ್ಲಿ ಯಾವ ಕಾಯಿಲೆಯಿಂದ ತೀರಿಕೊಂಡರು ಎಂದು ಬರೆಯಬಲ್ಲವರು ಎಷ್ಟು ಜನ ಎಂದು ಕೇಳಿದಾಗ ಎರಡೋ ಮೂರೋ ಕೈಗಳು ಉಳಿದವು. ಜಮೀನು ಯಾರಿಂದ ಯಾರಿಗೆ ಬಂತೆಂಬುದನ್ನು ನಾವು ಇಷ್ಟು ಜೋಪಾನವಾಗಿ ಬರೆದಿಡುತ್ತೇವೆ. ದೇಹದೊಳಗೆ ಏನು ಬಂತೆಂಬುದನ್ನು ಬರೆಯುವುದಿಲ್ಲ. ಇಂದಿನ ನನ್ನ ಮಾತೆಲ್ಲವೂ ಆ ಖಾಲಿ ಬಿಟ್ಟ ಜಾಗದ ಕುರಿತಾದದ್ದು.

ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಜನರಿಗೆ ಅದು ವಂಶದಿಂದ ಬಂದದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅನಗತ್ಯ ಭಯವನ್ನು ಹೊತ್ತು ಮನೆಗೆ ಹೋಗುವವರೇ ಹೆಚ್ಚಾದಾರು. ನೂರು ರೋಗಿಗಳಲ್ಲಿ ಸುಮಾರು ಮೂವರಲ್ಲಿ ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ದೋಷ ಇರುತ್ತದೆ, ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಜನರಲ್ಲಿ ಕರುಳಿನ ತುಂಬ, ಮುಂದೆ ಕ್ಯಾನ್ಸರ್ ಆಗಬಲ್ಲ ಸಣ್ಣ ಗಂಟುಗಳಾದ ಪಾಲಿಪ್‌ಗಳು ಹುಟ್ಟುವ ಎಫ್‌ಎಪಿ ಇರುತ್ತದೆ. ಆದರೆ ಆ ಮೂವರ ಹಿಂದೆ ಮೂರು ಕುಟುಂಬಗಳಿರುತ್ತವೆ, ಪ್ರತಿ ಕುಟುಂಬದಲ್ಲೂ ಇನ್ನೂ ಕಾಯಿಲೆ ಕಾಣಿಸಿಕೊಳ್ಳದ ಹತ್ತಾರು ಜನರಿರುತ್ತಾರೆ, ಮತ್ತು ಅವರಿಗಾಗಿ ಮಾಡಬಹುದಾದ ಕೆಲಸ ವೈದ್ಯಶಾಸ್ತ್ರದಲ್ಲಿ ಚೆನ್ನಾಗಿ ಸಾಬೀತಾದ ಕೆಲಸಗಳ ಪೈಕಿ ಒಂದು. ಅದಕ್ಕಾಗಿಯೇ ಈ ಮೂವರ ಬಗ್ಗೆ ಒಂದು ಸಂಜೆಯನ್ನು ಕಳೆಯುವುದು ದುಬಾರಿಯಲ್ಲ.

ಈ ಕಾಯಿಲೆಯ ಕಥೆ ಆರಂಭವಾಗುವುದು ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳಿಂದ. 1895ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ತಿನ್ ಅವರ ಮನೆಗೆ ಹೊಲಿಗೆ ಮಾಡಿಕೊಡುತ್ತಿದ್ದ ಆಕೆ, ತನ್ನ ಮನೆತನದಲ್ಲಿ ಎಲ್ಲರೂ ಹೊಟ್ಟೆಯ, ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್‌ನಿಂದ ಸಾಯುತ್ತಾರೆ, ತಾನೂ ಹಾಗೆಯೇ ಬೇಗ ಸಾಯುತ್ತೇನೆ ಎಂದು ಹೇಳಿದ್ದಳು. ಆಕೆ ಹೇಳಿದಂತೆಯೇ ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್‌ನಿಂದ ತೀರಿಕೊಂಡಳು. ವಾರ್ತಿನ್ ಆಕೆಯ ಮಾತನ್ನು ತಳ್ಳಿಹಾಕದೆ ಬಂಧುಗಳನ್ನೆಲ್ಲ ಹುಡುಕಿ ಪಟ್ಟಿಮಾಡಿ, 1913ರಲ್ಲಿ 'ಜಿ ಕುಟುಂಬ' ಎಂಬ ಹೆಸರಿನಲ್ಲಿ ಆ ವಂಶವೃಕ್ಷವನ್ನು ಪ್ರಕಟಿಸಿದರು.

ಸುಮಾರು ಅರ್ಧ ಶತಮಾನದ ನಂತರ, 1962ರಲ್ಲಿ, ನೆಬ್ರಾಸ್ಕಾದ ಒಮಾಹಾ ನಗರದಲ್ಲಿ ಇನ್ನೂ ತರಬೇತಿಯಲ್ಲಿದ್ದ ಹೆನ್ರಿ ಲಿಂಚ್ ಎಂಬ ವೈದ್ಯರ ಮುಂದೆ ಕುಡಿತದಿಂದ ಆಸ್ಪತ್ರೆ ಸೇರಿದ್ದ ಒಬ್ಬ ವ್ಯಕ್ತಿ ಕುಳಿತಿದ್ದ. ಏಕೆ ಇಷ್ಟು ಕುಡಿಯುತ್ತೀಯೆ ಎಂದು ಕೇಳಿದರೆ, ನಮ್ಮ ಮನೆಯಲ್ಲಿ ಎಲ್ಲರೂ ಕ್ಯಾನ್ಸರ್‌ನಿಂದ ಸಾಯುತ್ತಾರೆ, ನನ್ನ ಸರದಿಯೂ ಬರುತ್ತದೆ ಎಂದು ಗೊತ್ತಿರುವುದರಿಂದ ಎಂದನಂತೆ. ಲಿಂಚ್ ಆ ಕುಟುಂಬದ ವಿವರಗಳನ್ನು 1966ರಲ್ಲಿ ಪ್ರಕಟಿಸಿದರು. ಆಗ ವೈದ್ಯಲೋಕದಲ್ಲಿ ಹಲವರು ಅದನ್ನು ಒಪ್ಪಲಿಲ್ಲ. ಒಂದು ಮನೆಯಲ್ಲಿ ವಾಸಿಸುವವರು ಒಂದೇ ಊಟ ಮಾಡುತ್ತಾರೆ, ಒಂದೇ ಗಾಳಿ ಕುಡಿಯುತ್ತಾರೆ, ಅದರಿಂದ ಬಂದಿರಬಹುದು ಎಂಬ ವಾದ ಆಗ ಪ್ರಬಲವಾಗಿತ್ತು. ನೀವು ಗಮನಿಸಬೇಕಾದದ್ದು ಇಷ್ಟೆ: ಎರಡೂ ಸಂದರ್ಭಗಳಲ್ಲಿ ವೈದ್ಯರಿಗಿಂತ ಮೊದಲು ಮನೆಯವರಿಗೆ ಗೊತ್ತಿತ್ತು. ನಮ್ಮಲ್ಲಿಯೂ ಗೊತ್ತಿರುತ್ತದೆ, ಆದರೆ ಅದನ್ನು ಮನೆತನದ ಶಾಪ ಎಂದೋ ನಾಗದೋಷ ಎಂದೋ ಕರೆದು, ಶಾಂತಿ ಮಾಡಿಸಿ, ಮಾತನ್ನು ಅಲ್ಲಿಗೇ ಮುಚ್ಚಿಬಿಡುತ್ತೇವೆ. ಶಾಂತಿ ಮಾಡಿಸಬೇಡಿ ಎಂದು ನಾನು ಹೇಳುವುದಿಲ್ಲ, ಆದರೆ ಮಾತನ್ನು ಮುಚ್ಚಬೇಡಿ ಎಂದು ಬೇಡಿಕೊಳ್ಳುತ್ತೇನೆ.

ದೋಷ ಎಲ್ಲಿದೆ ಎಂಬುದು 1993 ಮತ್ತು 1994ರಲ್ಲಿ ತಿಳಿಯಿತು. ನಮ್ಮ ಜೀವಕೋಶ ಎರಡಾಗಿ ಒಡೆಯುವ ಮುನ್ನ ತನ್ನ ಡಿಎನ್‌ಎಯ ಪ್ರತಿಯನ್ನು ತೆಗೆಯುತ್ತದೆ, ಪ್ರತಿ ತೆಗೆಯುವಾಗ ತಪ್ಪುಗಳಾಗುತ್ತವೆ, ಅಚ್ಚುಕೂಟದಲ್ಲಿ ಕರಡು ತಿದ್ದುವವರಂತೆ ಆ ತಪ್ಪುಗಳನ್ನು ಹುಡುಕಿ ಸರಿಪಡಿಸುವ ಪ್ರೋಟೀನುಗಳು ಕೋಶದಲ್ಲಿಯೇ ಇರುತ್ತವೆ. ಅವುಗಳನ್ನು ತಯಾರಿಸುವ ಜೀನುಗಳ ಪೈಕಿ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6 ಮತ್ತು ಪಿಎಂಎಸ್2 ಎಂಬ ನಾಲ್ಕು ಇಲ್ಲಿ ಮುಖ್ಯ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಪ್ರತಿ ಜೀನಿನ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ. ಲಿಂಚ್ ಸಿಂಡ್ರೋಮ್ ಇರುವವರು ಒಂದು ಕೆಟ್ಟ ಪ್ರತಿಯೊಂದಿಗೇ ಹುಟ್ಟಿರುತ್ತಾರೆ, ಮುಂದೆ ಎಂದೋ ಕರುಳಿನ ಒಂದು ಕೋಶದಲ್ಲಿ ಉಳಿದ ಪ್ರತಿಯೂ ಕೆಟ್ಟರೆ ಆ ಕೋಶದ ಸಂತತಿಯಲ್ಲಿ ಕರಡು ತಿದ್ದುವವರೇ ಇಲ್ಲದಂತಾಗಿ ತಪ್ಪುಗಳು ರಾಶಿಬೀಳುತ್ತವೆ. ದೋಷ ಇರುವವರ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ದಾಟುವ ಸಾಧ್ಯತೆ ಅರ್ಧದಷ್ಟು. ಒಂದು ತಲೆಮಾರನ್ನು ಬಿಟ್ಟು ಮುಂದಿನದಕ್ಕೆ ಹಾರುವುದು ಎಂಬುದಿಲ್ಲ. ದೋಷ ಬರದೆ ಉಳಿದವರು ಅದನ್ನು ತಮ್ಮ ಮಕ್ಕಳಿಗೆ ಕೊಡಲಾರರು. ದೋಷವಿದ್ದೂ ಜೀವನವಿಡೀ ಕ್ಯಾನ್ಸರ್ ಬಾರದೆ ಇರುವವರು ಇದ್ದಾರೆ, ಅವರಿಂದಾಗಿ ಹಾರಿದಂತೆ ನಮಗೆ ತೋರುತ್ತದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ವಾರ್ತಿನ್ ಅವರ ಜಿ ಕುಟುಂಬವನ್ನು ಬೇರೆ ಬೇರೆ ವೈದ್ಯರು ಒಂದು ಶತಮಾನದವರೆಗೆ ಹಿಂಬಾಲಿಸಿದರು, ಆ ಕುಟುಂಬದ ದೋಷ ಎಂಎಸ್‌ಎಚ್2 ಜೀನಿನಲ್ಲಿದೆ ಎಂಬುದೂ ಕೊನೆಗೆ ಪತ್ತೆಯಾಯಿತು. ಆ ಕುಟುಂಬದ ಮೊದಲ ತಲೆಮಾರುಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದದ್ದು ಜಠರದ ಕ್ಯಾನ್ಸರ್, ನಂತರದ ತಲೆಮಾರುಗಳಲ್ಲಿ ಅದು ಇಳಿದು ದೊಡ್ಡ ಕರುಳಿನದು ಏರಿತು. ಜೀನು ಬದಲಾಗಿರಲಿಲ್ಲ, ಅಮೆರಿಕದ ಜನರೆಲ್ಲರಲ್ಲೂ ಅದೇ ಕಾಲದಲ್ಲಿ ಅದೇ ಬದಲಾವಣೆ ಆಗಿತ್ತು. ಆದ್ದರಿಂದ ನಿಮ್ಮ ಅಜ್ಜನಿಗೆ ಬಂದದ್ದು ಜಠರದ ಗಡ್ಡೆ, ನಿಮ್ಮ ಚಿಕ್ಕಪ್ಪನಿಗೆ ಬಂದದ್ದು ಕರುಳಿನ ಗಡ್ಡೆ, ಎರಡಕ್ಕೂ ಸಂಬಂಧವಿಲ್ಲ ಎಂದು ತೀರ್ಮಾನಿಸುವ ಮುನ್ನ ಈ ಕುಟುಂಬವನ್ನು ನೆನೆಯಿರಿ.

ಈಗ ನಮ್ಮ ಕಡೆಯ ಒಂದು ಕುಟುಂಬಕ್ಕೆ ಬರುತ್ತೇನೆ. ಗುರುತು ಸಿಗಬಾರದೆಂದು ಎರಡು ಮೂರು ಮನೆಗಳ ವಿವರಗಳನ್ನು ಬೆರೆಸಿ ಹೇಳುತ್ತಿದ್ದೇನೆ. ಮೂವತ್ತೆಂಟು ವರ್ಷದ ರೈತರೊಬ್ಬರು ಸುಸ್ತು ಎಂದು ಎಂಟು ತಿಂಗಳು ರಕ್ತ ಹೆಚ್ಚಿಸುವ ಮಾತ್ರೆಗಳನ್ನು ನುಂಗಿದ ಮೇಲೆ, ರಕ್ತ ಏರದೆ ಇದ್ದಾಗ ಯಾರೋ ಕೊಲೊನೊಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮರಾ ಇರುವ ಕೊಳವೆ ಹಾಯಿಸಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ, ಮಾಡಿಸಿದರು. ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆಯಿತ್ತು. ಬಲಭಾಗದ ಗಡ್ಡೆ ಹೀಗೆಯೇ ಒಳಗೊಳಗೇ ರಕ್ತ ಸೋರಿಸುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಎಡಭಾಗದ್ದಾದರೆ ಮಲದಲ್ಲಿ ರಕ್ತ ಕಾಣುತ್ತದೆ, ಅದನ್ನು ನಮ್ಮ ಜನ ಮೂಲವ್ಯಾಧಿ ಎಂದು ತಿಳಿದು ಮತ್ತೊಂದು ರೀತಿಯಲ್ಲಿ ಕಾಲ ಕಳೆಯುತ್ತಾರೆ. ಮನೆಯಲ್ಲಿ ಬೇರೆ ಯಾರಿಗಾದರೂ ಕ್ಯಾನ್ಸರ್ ಇತ್ತೇ ಎಂದು ಕೇಳಿದರೆ ಯಾರಿಗೂ ಇಲ್ಲ ಎಂದರು. ಎರಡನೆಯ ಭೇಟಿಗೆ ಅವರ ಅಕ್ಕ ಜೊತೆಗೆ ಬಂದಿದ್ದರು. 'ಯಾಕೋ, ದೊಡ್ಡಮ್ಮನಿಗೆ ಗರ್ಭಕೋಶ ತೆಗೆಸಿರಲಿಲ್ಲವೇನೋ, ಸೋದರಮಾವ ಕರುಳಿನ ಆಪರೇಷನ್ ಆಗಿ ಹೋದರಲ್ಲ' ಎಂದು ಆಕೆ ಒಂದೊಂದಾಗಿ ಹೇಳುತ್ತಾ ಹೋದಂತೆ ತಮ್ಮನ ಮುಖ ಬಿಳುಚಿಕೊಂಡಿತು. ಆತ ಸುಳ್ಳು ಹೇಳಿರಲಿಲ್ಲ. ಮನೆತನ ಎಂದರೆ ತಂದೆಯ ಕಡೆಯದು ಎಂಬುದು ಅವರ ಲೆಕ್ಕವಾಗಿತ್ತು, ತಾಯಿಯ ಕಡೆಯವರು ಆ ಲೆಕ್ಕದಲ್ಲಿ ಇರಲಿಲ್ಲ.

ಈ ಒಂದು ಉದಾಹರಣೆಯಲ್ಲಿ ನಾನು ಪ್ರತಿವಾರ ಕಾಣುವ ತೊಡಕುಗಳೆಲ್ಲ ಇವೆ. ಲಿಂಚ್ ಸಿಂಡ್ರೋಮ್‌ನಲ್ಲಿ ಕರುಳಿನ ನಂತರ ಅತಿ ಹೆಚ್ಚು ಕ್ಯಾನ್ಸರ್ ಬರುವ ಅಂಗ ಗರ್ಭಕೋಶದ ಒಳಪದರ. ನಮ್ಮ ಊರುಗಳಲ್ಲಿ ಮೂವತ್ತು, ನಲವತ್ತರ ವಯಸ್ಸಿನಲ್ಲಿ ಗರ್ಭಕೋಶ ತೆಗೆಸಿಕೊಂಡ ಹೆಂಗಸರು ಬೇಕಾದಷ್ಟಿದ್ದಾರೆ. ಏಕೆ ತೆಗೆದರು, ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರೇ, ವರದಿ ಎಲ್ಲಿದೆ ಎಂದರೆ ಉತ್ತರವಿಲ್ಲ. ಮದುವೆಯಾಗಿ ಬೇರೆ ಮನೆಗೆ ಹೋದ ಹೆಣ್ಣುಮಕ್ಕಳು ಮತ್ತು ಅವರ ಸಂತಾನ ತವರಿನವರ ಲೆಕ್ಕದಿಂದ ಜಾರಿಹೋಗುತ್ತಾರೆ. ಆದರೆ ಯಾರಿಗೆ ಏನಾಯಿತು ಎಂಬುದನ್ನು ನೆನಪಿಟ್ಟುಕೊಂಡಿರುವವರು ಹೆಚ್ಚಾಗಿ ಆ ಹೆಣ್ಣುಮಕ್ಕಳೇ. ಹಾಗಾಗಿ ವಂಶವೃಕ್ಷ ಬರೆಯಲು ಕೂರುವಾಗ ಮನೆಯ ಹಿರಿಯ ಅಕ್ಕನನ್ನೋ ಅತ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಆ ರೈತರ ಗಡ್ಡೆಯ ತುಣುಕನ್ನು ಮೊದಲು ಪರೀಕ್ಷಿಸಲಾಯಿತು. ಕತ್ತರಿಸಿ ತೆಗೆದ ಗಡ್ಡೆಯನ್ನು ಪ್ರಯೋಗಾಲಯದಲ್ಲಿ ಮೇಣದ ಅಚ್ಚಿನಲ್ಲಿ ಇಟ್ಟಿರುತ್ತಾರೆ, ಅದನ್ನು ಬ್ಲಾಕ್ ಎನ್ನುತ್ತಾರೆ. ನಾಲ್ಕು ಪ್ರೋಟೀನುಗಳಲ್ಲಿ ಯಾವುದು ಕಾಣೆಯಾಗಿದೆ ಎಂಬುದನ್ನು ಅದರ ಮೇಲೆ ಬಣ್ಣ ಹಾಕಿ ನೋಡಬಹುದು. ಕಾಯಿಲೆ ವಂಶದಿಂದ ಬಂದದ್ದೇ ಎಂದು ಗುರುತಿಸಲು, ಕ್ಯಾನ್ಸರ್ ಬಂದ ಮೂವರು ಬಂಧುಗಳು, ಎರಡು ತಲೆಮಾರು, ಒಬ್ಬರಿಗಾದರೂ ಐವತ್ತರೊಳಗೆ ಎಂಬ ಆಮ್‌ಸ್ಟರ್‌ಡಾಮ್ ಸೂತ್ರ 1991ರಿಂದ ಇದೆ, ಆದರೆ ಎರಡೇ ಮಕ್ಕಳಿರುವ ಇಂದಿನ ಸಂಸಾರಗಳಲ್ಲಿ ಮೂವರು ಬಂಧುಗಳು ಸಿಗುವುದೇ ಕಷ್ಟ. ಆದ್ದರಿಂದ ಪ್ರತಿಯೊಂದು ಕರುಳಿನ ಗಡ್ಡೆಗೂ ಈ ಬಣ್ಣದ ಪರೀಕ್ಷೆ ಮಾಡಬೇಕೆಂಬುದು ಈಗಿನ ಸಲಹೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಆಗಿದ್ದರೆ ಆ ಬ್ಲಾಕ್ ಇನ್ನೂ ಇದೆಯೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ವ್ಯಕ್ತಿ ತೀರಿಕೊಂಡಿದ್ದರೂ ಅದು ಉಪಯೋಗಕ್ಕೆ ಬರಬಹುದು.

ಗಡ್ಡೆಯಲ್ಲಿ ಎಂಎಸ್‌ಎಚ್2 ಪ್ರೋಟೀನು ಇರಲಿಲ್ಲ. ರಕ್ತಪರೀಕ್ಷೆಯಲ್ಲಿ ಆ ಜೀನಿನ ದೋಷ ಖಚಿತವಾಯಿತು. ನಂತರ ಆ ರೈತರ ಅಕ್ಕನನ್ನೂ ಅವರ ಕಿರಿಯ ತಮ್ಮನನ್ನೂ ಅದೊಂದೇ ದೋಷಕ್ಕಾಗಿ ಪರೀಕ್ಷಿಸಿದಾಗ ಅಕ್ಕನಲ್ಲಿ ಅದು ಇತ್ತು, ತಮ್ಮನಲ್ಲಿ ಇರಲಿಲ್ಲ. ತಮ್ಮನಿಗೂ ಅವನ ಮಕ್ಕಳಿಗೂ ಈ ವಿಶೇಷ ತಪಾಸಣೆಯ ಅಗತ್ಯ ಇಲ್ಲ. ಅವರು ಊರಿನ ಉಳಿದೆಲ್ಲರಂತೆಯೇ. ಜೀನು ಪರೀಕ್ಷೆಯ ಈ ಬಿಡುಗಡೆಯ ಬಗ್ಗೆ ಯಾರೂ ಮಾತನಾಡುವುದಿಲ್ಲ, ಅರ್ಧ ಜನರಿಗೆ ಅದರಿಂದ ಸಿಗುವುದು ಒಳ್ಳೆಯ ಸುದ್ದಿ. ಅಕ್ಕನಿಗೆ ಕೊಲೊನೊಸ್ಕೋಪಿ ಮಾಡಿದಾಗ ಎರಡು ಪಾಲಿಪ್‌ಗಳು ಸಿಕ್ಕವು, ಆಗಲೇ ತೆಗೆದುಹಾಕಲಾಯಿತು.

ಹೀಗೆ ಹುಡುಕಿ ತೆಗೆಯುವುದರಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ಆಧಾರವೇನು ಎಂದು ಕೇಳುವ ಹಕ್ಕು ನಿಮಗಿದೆ. ಫಿನ್ಲೆಂಡಿನಲ್ಲಿ 1980ರ ದಶಕದಲ್ಲಿ ಇಂತಹ 22 ಕುಟುಂಬಗಳ 252 ಜನರನ್ನು ಗುರುತಿಸಿ ತಪಾಸಣೆಗೆ ಕರೆದರು. 133 ಜನ ಒಪ್ಪಿ ಮೂರು ವರ್ಷಕ್ಕೊಮ್ಮೆ ಬಂದರು, 119 ಜನ ಬೇಡವೆಂದರು. 15 ವರ್ಷಗಳ ನಂತರ ನೋಡಿದಾಗ, ತಪಾಸಣೆಗೆ ಬಂದವರಲ್ಲಿ 8 ಮಂದಿಗೆ, ಬಾರದವರಲ್ಲಿ 19 ಮಂದಿಗೆ ಕರುಳಿನ ಕ್ಯಾನ್ಸರ್ ಬಂದಿತ್ತು. ಆ ಕ್ಯಾನ್ಸರ್‌ನಿಂದ ತೀರಿಕೊಂಡವರು ಮೊದಲ ಗುಂಪಿನಲ್ಲಿ ಒಬ್ಬರೂ ಇಲ್ಲ, ಎರಡನೆಯದರಲ್ಲಿ 9 ಜನ. ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗ ಇದಲ್ಲ; ಬಂದವರು ತಾವಾಗಿ ಬಂದವರು, ಅವರು ಆರೋಗ್ಯದ ಬಗ್ಗೆ ಮೊದಲಿನಿಂದಲೇ ಹೆಚ್ಚು ಎಚ್ಚರವಿದ್ದವರಾಗಿರಬಹುದು. ಆದರೂ ಸೊನ್ನೆ ಮತ್ತು ಒಂಬತ್ತರ ನಡುವಿನ ಅಂತರವನ್ನು ಅಷ್ಟರಿಂದಲೇ ವಿವರಿಸಲಾಗದು. ಇನ್ನೊಂದು ಗುಂಪು ಮಾಡಿ ತಪಾಸಣೆ ನಿಲ್ಲಿಸಿ ನೋಡೋಣ ಎನ್ನುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ, ಬರಬಾರದು ಕೂಡ.

ತಪಾಸಣೆಗೆ ಬಂದರೂ 8 ಜನರಿಗೆ ಕ್ಯಾನ್ಸರ್ ಬಂತಲ್ಲ ಎಂದು ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲಿ ಗುರುತು ಹಾಕಿಕೊಂಡಿರಬಹುದು. ಸರಿಯಾಗಿಯೇ ಗುರುತಿಸಿದ್ದೀರಿ. ಸಾಮಾನ್ಯ ಪಾಲಿಪ್ ಕ್ಯಾನ್ಸರ್ ಆಗಲು ಹತ್ತು ವರ್ಷಗಳಷ್ಟು ಕಾಲ ಬೇಕಾಗುತ್ತದೆ, ಲಿಂಚ್ ಇರುವವರಲ್ಲಿ ಅದು ಒಂದರಿಂದ ಮೂರು ವರ್ಷಗಳಲ್ಲಿ ಆಗಿಬಿಡಬಹುದು. ಹಾಗಾಗಿ ಎಂಎಲ್‌ಎಚ್1 ಅಥವಾ ಎಂಎಸ್‌ಎಚ್2 ದೋಷವಿದ್ದರೆ 20ರಿಂದ 25ನೆಯ ವಯಸ್ಸಿನಲ್ಲಿ ಆರಂಭಿಸಿ ಒಂದೆರಡು ವರ್ಷಕ್ಕೊಮ್ಮೆ, ಎಂಎಸ್‌ಎಚ್6 ಅಥವಾ ಪಿಎಂಎಸ್2 ಆದರೆ 30ರಿಂದ 35ರಲ್ಲಿ ಆರಂಭಿಸಿ ಒಂದರಿಂದ ಮೂರು ವರ್ಷಕ್ಕೊಮ್ಮೆ ಎಂಬುದು ಪ್ರಚಲಿತ ಸಲಹೆ. ಮನೆಯಲ್ಲಿ ಯಾರಿಗಾದರೂ ಇದಕ್ಕೂ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ ಆ ವಯಸ್ಸಿಗಿಂತ ಕೆಲವು ವರ್ಷ ಮೊದಲೇ ಆರಂಭಿಸಬೇಕು. ಆದರೆ ಜರ್ಮನಿ, ನೆದರ್‌ಲೆಂಡ್ಸ್ ಮತ್ತು ಫಿನ್ಲೆಂಡಿನ ಅನುಭವವನ್ನು ಒಟ್ಟಿಗೆ ಇಟ್ಟು 2018ರಲ್ಲಿ ಹೋಲಿಸಿದಾಗ, ವರ್ಷಕ್ಕೊಮ್ಮೆ ನೋಡುವ ದೇಶಕ್ಕೂ ಎರಡು ಮೂರು ವರ್ಷಕ್ಕೊಮ್ಮೆ ನೋಡುವ ದೇಶಕ್ಕೂ ಕ್ಯಾನ್ಸರ್ ಬರುವ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಒಂದು ವರ್ಷವೋ ಎರಡು ವರ್ಷವೋ ಎಂದು ನಾವು ವೈದ್ಯರು ಸಮ್ಮೇಳನಗಳಲ್ಲಿ ವಾದಿಸುತ್ತಿರೋಣ. ನನ್ನ ಅನುಭವದಲ್ಲಿ ಜನ ಕೈತಪ್ಪಿ ಹೋಗುವುದು ಆ ವ್ಯತ್ಯಾಸದಿಂದಲ್ಲ. ಮೊದಲ ಸಲ ಬಂದು, ಏನೂ ಇಲ್ಲ ಎಂಬ ವರದಿ ಪಡೆದು, ಅದನ್ನು ಜೀವಮಾನದ ಖುಲಾಸೆ ಎಂದು ತಿಳಿದು ಏಳೆಂಟು ವರ್ಷ ತಿರುಗಿ ನೋಡದೆ ಇರುವುದರಿಂದ.

ಇನ್ನು ಪರೀಕ್ಷೆಯ ಹಿಂದಿನ ದಿನಗಳ ವಿಚಾರ. ಇದನ್ನು ಸಭೆಯಲ್ಲಿ ಹೇಳಲು ಸಂಕೋಚಪಡುತ್ತಾರೆ, ಆದರೆ ತಪಾಸಣೆ ಫಲಿಸುವುದೂ ಕೆಡುವುದೂ ಇಲ್ಲಿಯೇ. ಕರುಳು ತೊಳೆದಿಟ್ಟ ಪಾತ್ರೆಯಂತೆ ಇಲ್ಲದಿದ್ದರೆ ಚಪ್ಪಟೆಯಾದ ಪಾಲಿಪ್ ಕಾಣುವುದಿಲ್ಲ, ಮತ್ತು ಲಿಂಚ್ ಇರುವವರ ಪಾಲಿಪ್‌ಗಳು ಬಲಭಾಗದಲ್ಲಿ, ಚಪ್ಪಟೆಯಾಗಿ ಇರುವುದೇ ಹೆಚ್ಚು. ರಕ್ತ ಹೆಚ್ಚಿಸುವ ಕಬ್ಬಿಣದ ಮಾತ್ರೆಗಳನ್ನು ಸುಮಾರು ಒಂದು ವಾರ ಮೊದಲೇ ವೈದ್ಯರನ್ನು ಕೇಳಿ ನಿಲ್ಲಿಸಬೇಕು, ಅವು ಮಲವನ್ನು ಕಪ್ಪಾಗಿಸಿ ಅಂಟಿಸುತ್ತವೆ. ಎರಡು ಮೂರು ದಿನ ಮೊದಲಿನಿಂದ ರಾಗಿಮುದ್ದೆ, ಸೊಪ್ಪಿನ ಸಾರು, ಕಾಳುಗಳು, ಸೀಬೆಹಣ್ಣು, ಟೊಮೆಟೊ ಬೀಜ ಇವೆಲ್ಲ ಬೇಡ. ಬಿಳಿ ಅನ್ನ, ಮೊಸರು, ಇಡ್ಲಿ ಸಾಕು. ರಾಗಿ ಬಿಡಿ ಎಂದಾಗ ನಮ್ಮ ಕಡೆಯ ಹಿರಿಯರಿಗೆ ಬರುವಷ್ಟು ಸಿಟ್ಟು ಕ್ಯಾನ್ಸರ್ ಎಂದಾಗಲೂ ಬರುವುದಿಲ್ಲ. ಹಿಂದಿನ ದಿನ ಎಳನೀರು, ಹಾಲಿಲ್ಲದ ಚಹಾ, ಸೋಸಿದ ಬೇಳೆಕಟ್ಟು. ಕರುಳು ತೊಳೆಯುವ ಪುಡಿಯನ್ನು ನೀರಿನಲ್ಲಿ ಕರಗಿಸಿ ಅರ್ಧವನ್ನು ಹಿಂದಿನ ಸಂಜೆ, ಉಳಿದರ್ಧವನ್ನು ಪರೀಕ್ಷೆಯ ದಿನ ಬೆಳಗಿನ ಜಾವ, ಆಸ್ಪತ್ರೆ ಹೇಳಿದ ಸಮಯಕ್ಕೆ ಕುಡಿದು ಮುಗಿಸಬೇಕು. ಬೆಳಗಿನ ಆ ಅರ್ಧವನ್ನು ಬಿಟ್ಟುಬಿಡುವವರೇ ಹೆಚ್ಚು, ಬಲಭಾಗ ಕೊಳಕಾಗಿ ಉಳಿಯುವುದು ಅದರಿಂದಲೇ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ರಕ್ತ ತೆಳುಮಾಡುವ ಮಾತ್ರೆ ಇದ್ದವರು ಮೊದಲೇ ತಿಳಿಸಬೇಕು. ಕರುಳಿಗೆ ತೂತು ಬೀಳುವ ಅಪಾಯ ಇದೆಯೇ ಎಂದರೆ ಇದೆ. ತಪಾಸಣೆಗಾಗಿ ಮಾಡುವ ಪರೀಕ್ಷೆಗಳಲ್ಲಿ ಸಾವಿರಕ್ಕೆ ಒಂದು, ಅಥವಾ ಅದಕ್ಕಿಂತ ಕಡಿಮೆ.

ಇದರ ಬದಲು ಬೇರೆ ಸುಲಭದ ದಾರಿ ಇಲ್ಲವೇ ಎಂದು ಪ್ರತಿಸಲವೂ ಕೇಳುತ್ತಾರೆ. ಮಲದಲ್ಲಿ ಅಡಗಿದ ರಕ್ತ ಹುಡುಕುವ ಪರೀಕ್ಷೆ ಸಾಮಾನ್ಯ ಜನರಿಗೆ ಉಪಯುಕ್ತ, ಈ ಕುಟುಂಬಗಳಿಗೆ ಸಾಲದು. ಫುಲ್ ಬಾಡಿ ಚೆಕಪ್ ಎಂಬ ಪ್ಯಾಕೇಜುಗಳಲ್ಲಿ ಸಿಇಎ ಎಂಬ ರಕ್ತಪರೀಕ್ಷೆಯನ್ನು ಸೇರಿಸಿ ಮಾರುತ್ತಾರೆ, ಆರಂಭದ ಕ್ಯಾನ್ಸರನ್ನು ಅದು ಹಿಡಿಯುವುದಿಲ್ಲ, ಪಾಲಿಪನ್ನಂತೂ ಇಲ್ಲವೇ ಇಲ್ಲ. ಆಸ್ಪಿರಿನ್ ಬಗ್ಗೆ ಮಾತ್ರ ಹೇಳಲು ವಿಷಯವಿದೆ: ಲಿಂಚ್ ಇರುವ 861 ಜನರಲ್ಲಿ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ಮತ್ತು ಹುಸಿ ಮಾತ್ರೆಯನ್ನು ಹೋಲಿಸಿದ ಪ್ರಯೋಗದಲ್ಲಿ, ವರ್ಷಗಳ ನಂತರ ಕರುಳಿನ ಕ್ಯಾನ್ಸರ್ ಬಂದವರು ಮಾತ್ರೆ ತೆಗೆದುಕೊಂಡವರಲ್ಲಿ ಶೇ. 9, ಉಳಿದವರಲ್ಲಿ ಶೇ. 13. ಇದು ಕೊಲೊನೊಸ್ಕೋಪಿಯ ಜೊತೆಗೆ ಯೋಚಿಸಬಹುದಾದ ಮಾತು, ಅದರ ಬದಲಿಗಲ್ಲ. ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲ ಔಷಧವಾದ್ದರಿಂದ ನಾಳೆ ಬೆಳಿಗ್ಗೆ ಅಂಗಡಿಯಿಂದ ತಂದು ನುಂಗಬೇಡಿ.

ಎಫ್‌ಎಪಿ ಇರುವ ಮನೆಗಳ ಲೆಕ್ಕ ಬೇರೆ. ಎಪಿಸಿ ಎಂಬ ಜೀನಿನ ದೋಷದಿಂದ ಹದಿಹರೆಯದಲ್ಲೇ ನೂರಾರು, ಸಾವಿರಾರು ಪಾಲಿಪ್‌ಗಳು ಹುಟ್ಟುತ್ತವೆ, ಕರುಳನ್ನು ಸಮಯಕ್ಕೆ ಸರಿಯಾಗಿ ತೆಗೆಯದಿದ್ದರೆ ಕ್ಯಾನ್ಸರ್ ಬಹುತೇಕ ಖಚಿತ. ಇಲ್ಲಿ ಮಕ್ಕಳಿಗೆ ಹತ್ತು, ಹನ್ನೆರಡರ ವಯಸ್ಸಿನಿಂದಲೇ ತಪಾಸಣೆ ಆರಂಭವಾಗುತ್ತದೆ. ಲಿಂಚ್ ಆದರೆ ಮಕ್ಕಳ ಜೀನು ಪರೀಕ್ಷೆಯನ್ನು ಸಾಮಾನ್ಯವಾಗಿ ಹದಿನೆಂಟು ತುಂಬುವವರೆಗೆ ಮಾಡುವುದಿಲ್ಲ.

ನಮ್ಮ ರಾಜ್ಯಕ್ಕೆ ವಿಶೇಷವಾಗಿ ಅನ್ವಯಿಸುವ ಒಂದು ವಿಷಯವನ್ನು ಹೇಳದೆ ಇಳಿಯಲಾರೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಎಂಯುಟಿವೈಎಚ್ ಎಂಬ ಜೀನಿನ ದೋಷದಿಂದ ಬರುವ ಪಾಲಿಪ್ ಕಾಯಿಲೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತದೆ, ರಕ್ತಸಂಬಂಧದ ಮದುವೆಗಳಲ್ಲಿ ಹಾಗಾಗುವ ಸಾಧ್ಯತೆ ಹೆಚ್ಚು. ಲಿಂಚ್ ಇರುವ ಮನೆಯೊಳಗೇ ಮದುವೆಯಾಗಿ ಗಂಡ ಹೆಂಡತಿ ಇಬ್ಬರಲ್ಲೂ ಅದೇ ದೋಷವಿದ್ದರೆ, ಮಗುವಿಗೆ ಎರಡೂ ಪ್ರತಿಗಳು ಕೆಟ್ಟವೇ ಬಂದು, ಬಾಲ್ಯದಲ್ಲೇ ಮೆದುಳಿನ, ರಕ್ತದ ಮತ್ತು ಕರುಳಿನ ಕ್ಯಾನ್ಸರ್ ಬರುವ ಇನ್ನೊಂದು ಗಂಭೀರ ಸ್ಥಿತಿ ಉಂಟಾಗಬಹುದು. ಅಂತಹ ಮಕ್ಕಳಿಗೆ ಆರು ವರ್ಷದ ಆಸುಪಾಸಿನಲ್ಲೇ ಕರುಳಿನ ತಪಾಸಣೆ ಬೇಕಾಗುತ್ತದೆ. ಕ್ಯಾನ್ಸರ್ ವಿಷಯ ಹೊರಗೆ ಗೊತ್ತಾದರೆ ಹೊರಗಿನ ಸಂಬಂಧ ಕೂಡಿಬರುವುದಿಲ್ಲ ಎಂದು ಹೆದರಿ ಒಳಗೊಳಗೇ ಮದುವೆ ಮಾಡಿದ ಮನೆಗಳನ್ನು ನಾನು ನೋಡಿದ್ದೇನೆ. ಆ ಮದುವೆಗಿಂತ ಅಪಾಯದ ಮದುವೆ ಇನ್ನೊಂದಿಲ್ಲ.

ನಮ್ಮ ಸರ್ಕಾರದ ಕಾರ್ಯಕ್ರಮದಲ್ಲಿ ಮೂವತ್ತು ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಇದೆ, ಕರುಳಿನದು ಇಲ್ಲ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆ ಇಂತಹ ಕುಟುಂಬಗಳ ದಾಖಲೆ ಪುಸ್ತಕವನ್ನು 1924ರಲ್ಲೇ ತೆರೆಯಿತು. ನಿಮ್ಮನ್ನು ನೆನಪಿಟ್ಟುಕೊಂಡು ಮರಳಿ ಕರೆಯುವ ಅಂತಹ ಪುಸ್ತಕ ನಮ್ಮ ಹೆಚ್ಚಿನ ಆಸ್ಪತ್ರೆಗಳಲ್ಲಿ ಇಲ್ಲ. ಹಾಗಿರುವಾಗ ಆ ಪುಸ್ತಕವನ್ನು ಮನೆಯವರೇ ಇಟ್ಟುಕೊಳ್ಳಬೇಕು. ನಾನು ಹೇಳಿದ ಕುಟುಂಬದ ಅಕ್ಕ ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಎಲ್ಲರ ಹೆಸರು, ಯಾವ ತಾರೀಖಿಗೆ ಪರೀಕ್ಷೆ ಆಯಿತು, ಕರುಳು ಚೊಕ್ಕವಾಗಿತ್ತೇ, ಏನು ಸಿಕ್ಕಿತು, ಮುಂದಿನದು ಯಾವಾಗ ಎಂದು ಬರೆದಿಟ್ಟಿದ್ದಾರೆ. ಸುಗ್ಗಿ ಮುಗಿದ ಮೇಲೆ, ಯುಗಾದಿಗೆ ಮೊದಲು, ಅಣ್ಣತಮ್ಮಂದಿರ ಮಕ್ಕಳು ಒಂದೇ ವಾರದಲ್ಲಿ ಬಂದು ಹೋಗುತ್ತಾರೆ. ಒಬ್ಬರೇ ಪುಡಿ ಕಲಸಿದ ನೀರು ಕುಡಿಯುವುದಕ್ಕಿಂತ ನಾಲ್ವರು ಒಟ್ಟಿಗೆ ಬೈದುಕೊಂಡು ಕುಡಿಯುವುದು ಸುಲಭವಂತೆ.

ಜೀನು ಪರೀಕ್ಷೆ ಆಗದ, ಆದರೆ ತಂದೆಗೋ ತಾಯಿಗೋ ಒಡಹುಟ್ಟಿದವರಿಗೋ ಅರುವತ್ತರೊಳಗೆ ಕರುಳಿನ ಕ್ಯಾನ್ಸರ್ ಬಂದಿದ್ದ ಮನೆಗಳವರು ಈ ಸಭೆಯಲ್ಲಿ ಖಂಡಿತ ಇದ್ದೀರಿ. ನಿಮಗೆ ನಲವತ್ತಾದಾಗ, ಅಥವಾ ಅವರಿಗೆ ಕಾಯಿಲೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಎರಡರಲ್ಲಿ ಯಾವುದು ಮುಂಚೆಯೋ ಆಗ ಕೊಲೊನೊಸ್ಕೋಪಿ ಆರಂಭಿಸಿ, ಐದು ವರ್ಷಕ್ಕೊಮ್ಮೆ ಮುಂದುವರಿಸಿ.

ಹಿಂದಿನ ಸಾಲಿನಿಂದ ಒಬ್ಬ ತಾಯಿ, ಮದುವೆಯಾದ ಮಗಳಿಗೆ ಇದನ್ನು ಹೇಗೆ ತಿಳಿಸುವುದು, ಬೀಗರು ಏನಂದಾರು ಎಂದು ಕೇಳಿದ್ದಾರೆ. ಅಮ್ಮಾ, ಅದಕ್ಕೆ ನಾವು ಒಂದು ಪತ್ರ ಬರೆದುಕೊಡುತ್ತೇವೆ. ಯಾವ ಜೀನು, ಯಾವ ದೋಷ, ಯಾವ ಪರೀಕ್ಷೆ ಮಾಡಿಸಬೇಕು ಎಂಬಷ್ಟೇ ಅದರಲ್ಲಿರುತ್ತದೆ, ಕಾಯಿಲೆ ಬಂದವರ ಹೆಸರು ಇರುವುದಿಲ್ಲ. ಅದನ್ನು ಮಗಳ ಕೈಗೇ ಕೊಡಿ. ಅಳಿಯಂದಿರಿಗೆ ಯಾವಾಗ, ಎಷ್ಟು ಹೇಳಬೇಕೆಂಬುದು ಆಕೆಗೆ ಬಿಟ್ಟದ್ದು. ಆಕೆಗೆ ಈಗ ಎಷ್ಟು ವಯಸ್ಸು? ಇಪ್ಪತ್ತಾರು ಎನ್ನುತ್ತಿದ್ದೀರಿ. ಹಾಗಾದರೆ ಪತ್ರಕ್ಕಾಗಿ ಮುಂದಿನ ತಿಂಗಳವರೆಗೆ ಕಾಯುವುದು ಬೇಡ, ಸಭೆ ಮುಗಿದ ಮೇಲೆ ಐದು ನಿಮಿಷ ಕುಳಿತಿರಿ.